ಸಾಹೇಬರ ಕುರ್ಚಿಯ ಮೇಲಿನ ಬಿಳಿ ಟವೆಲಿಗೆ

ಮಾನ್ಯ ಟವೆಲ್‌ರವರೇ,

ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ, ಶಿರಸ್ತೇದಾರ್ ಗುರುಸಿದ್ದಯ್ಯನವರ ಕುರ್ಚಿಯ ಬೆನ್ನಿಗೆ ಒರಗಿ ಫ್ಯಾನಿನ ಗಾಳಿ ಸವಿಯುತ್ತಿರುವ ತಮ್ಮ ಪಾದಗಳಿಗೆ, ಪಾದಗಳಿಲ್ಲವಾದ್ದರಿಂದ ತಮ್ಮ ಅಂಚಿಗೆ, ಉಡಿಗಾಲದ ಮಲ್ಲಿಕಾರ್ಜುನಸ್ವಾಮಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನನ್ನ ಗುರುತು ತಮಗೆ ಸಿಕ್ಕಿರಲಾರದು. ದೊಡ್ಡ ಹುದ್ದೆಗೆ ಏರಿದವರಿಗೆ ಅದು ಸಹಜ. ಬದನಗುಪ್ಪೆಯ ಟವೆಲ್ ಕಾರ್ಖಾನೆಯ ಏಳನೇ ಮಗ್ಗದಲ್ಲಿ ತಮ್ಮನ್ನು ನೇಯ್ದವನು ನಾನೇ. ಎಡಗಡೆಯ ನೀಲಿ ಅಂಚಿನಲ್ಲಿ ಒಂದು ಎಳೆ ತಪ್ಪಿದೆ, ನೋಡಿಕೊಳ್ಳಿ.

ಹೊರದೇಶದ ಆರ್ಡರ್ ನಿಂತು ಗೋದಾಮು ತುಂಬಿ ತುಳುಕಿದಾಗ, ನಮ್ಮ ಕಂಪನಿಯವರು ಆಯುಧಪೂಜೆಗೆ ಬೋನಸ್ ಬದಲು ಆಳಿಗೆ ಆರು ಟವೆಲ್ ಹಂಚಿದರು. ಅದರಲ್ಲಿ ತಮ್ಮನ್ನು ಆರಿಸಿ, ಲಂಚವೆಂದಲ್ಲ, ಗೌರವವೆಂದು ಸಾಹೇಬರಿಗೆ ಒಪ್ಪಿಸಿದೆ. ಅಲ್ಲಿಗೆ ನಮ್ಮಿಬ್ಬರ ದಾರಿ ಬೇರೆಯಾಯಿತು. ತಾವು ಸರ್ಕಾರದಲ್ಲಿ ಖಾಯಂ ಆದಿರಿ, ತಮ್ಮನ್ನು ನೇಯ್ದ ನಾನು ವಾರಕ್ಕೆ ಮೂರು ದಿನದ ಕೆಲಸಗಾರನಾದೆ. ಮಗ ಆಫೀಸರ್ ಆದರೆ ಅಪ್ಪ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ ಎಂದು ಹಿರಿಯರಿಂದ ಕೇಳಿದ್ದೆ, ಟವೆಲಿನ ವಿಷಯದಲ್ಲೂ ಹಾಗಾಗುತ್ತದೆಂದು ಯಾರೂ ಹೇಳಿರಲಿಲ್ಲ.

ಬಾಗಿಲಲ್ಲಿ ನಿಂತದ್ದಕ್ಕೆ ಕಾರಣವಿತ್ತು. ನನ್ನ ಮಗಳು ಭಾಗ್ಯಳಿಗೆ ಮೈಸೂರಿನಲ್ಲಿ ಹಾಸ್ಟೆಲ್ ಸೀಟು ಸಿಗಬೇಕಾದರೆ ಹೊಸ ಆದಾಯ ಪ್ರಮಾಣ ಪತ್ರ ಬೇಕು. ಹಳೆಯದರಲ್ಲಿ ನನ್ನ ಓವರ್‌ಟೈಮ್ ಕಾಲದ ವೈಭವವಿದೆ. ಅದನ್ನು ಓದಿದರೆ ನನಗೇ ನನ್ನ ಮೇಲೆ ಹೊಟ್ಟೆಕಿಚ್ಚಾಗುತ್ತದೆ. ಆನ್‌ಲೈನ್ ಅರ್ಜಿಗೆ ಕೊನೆಯ ದಿನ ಸೋಮವಾರ. ಗುರುವಾರ ಬಂದೆ, ತಾವಿದ್ದಿರಿ, ಸಾಹೇಬರಿರಲಿಲ್ಲ. ಶುಕ್ರವಾರವೂ ಅದೇ. ಕಚೇರಿಯ ಅಟೆಂಡರ್ ಸುಂದ್ರಮ್ಮನವರು ಮಾತ್ರ, "ಟವಲ್ ಅದೆ ಅಂದ್ರೆ ಸಾಹೇಬ್ರು ಅವ್ರೆ ಅಂತ್ಲೇ ಕಣಪ್ಪ, ಕೂತ್ಕೊ" ಎಂದು ಧೈರ್ಯ ತುಂಬಿ ಬೆಂಚು ತೋರಿಸಿದರು.

ಬೆಂಚಿನಲ್ಲಿ ಕೂತು ತಮ್ಮ ಕಾರ್ಯವೈಖರಿಯನ್ನು ಕಣ್ತುಂಬ ನೋಡಿದೆ. ಹತ್ತು ಗಂಟೆಗೆ ಮೊದಲೇ ಹಾಜರು. ಟೀಗೆ ಎದ್ದು ಹೋಗುವುದಿಲ್ಲ, ತುಟ್ಟಿಭತ್ಯೆ ಕೇಳುವುದಿಲ್ಲ, ವರ್ಗಾವಣೆಗೆ ಯಾರ ಕಾಲೂ ಹಿಡಿಯುವುದಿಲ್ಲ, ಜನರ ಮೇಲೆ ರೇಗುವುದಂತೂ ಇಲ್ಲವೇ ಇಲ್ಲ. ಇಂಥ ದಕ್ಷರಿಗೆ ಸಹಿ ಮಾಡುವ ಅಧಿಕಾರವೊಂದನ್ನು ಕೊಟ್ಟುಬಿಟ್ಟರೆ ನಾಡು ಉದ್ಧಾರವಾಗುತ್ತದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯುತ್ತಿತ್ತು. ಅರ್ಜಿ ಕೊಟ್ಟ ದಿನ ಸಾಹೇಬರು, "ನಿಮ್ಗೇನಪ್ಪ, ಫ್ಯಾಕ್ಟ್ರಿಯೋರು" ಎಂದಿದ್ದರು. ನಾನು ಮನಸ್ಸಿನಲ್ಲಿ, ನಿಮಗೇನಪ್ಪ, ಸರ್ಕಾರದೋರು, ಎಂದಿದ್ದೆ.

ಸೋಮವಾರ ನನಗೆ ಕೆಲಸದ ದಿನ. ತಮ್ಮಿಂದ ಪಾಠ ಕಲಿತವನು ಸುಮ್ಮನಿರುವುದುಂಟೇ? ನೂಲು ಬರುವುದು ತಡವಾಗಿ ಮಗ್ಗ ನಿಂತಿತ್ತು. ನನ್ನ ಸ್ಟೂಲಿನ ಮೇಲೆ ಅದೇ ಮಗ್ಗದಲ್ಲಿ ಹುಟ್ಟಿದ ತಮ್ಮ ತಮ್ಮನೊಬ್ಬನನ್ನು ನೀಟಾಗಿ ಹೊದಿಸಿ, ಹಾಜರಿಯ ಹೊಣೆಯನ್ನು ಅವನಿಗೆ ವಹಿಸಿ, ಬೈಕ್ ಹತ್ತಿ ತಮ್ಮ ಸನ್ನಿಧಿಗೆ ಬಂದೆ. ತಾವಿದ್ದಿರಿ. ಸಾಹೇಬರಿರಲಿಲ್ಲ. ಮಧ್ಯಾಹ್ನ ಎರಡಕ್ಕೆ ವಾಪಸು ಹೋದರೆ, ಸೂಪರ್‌ವೈಸರ್ ತಮ್ಮ ತಮ್ಮನನ್ನು ಪ್ಯಾಕಿಂಗಿಗೂ ನನ್ನ ಹೆಸರನ್ನು ಗೈರುಹಾಜರಿಗೂ ಕಳಿಸಿಯಾಗಿತ್ತು. ಸರ್ಕಾರದಲ್ಲಿ ಟವೆಲ್ ಇದ್ದರೆ ಮನುಷ್ಯ ಇದ್ದಂತೆ; ಖಾಸಗಿಯಲ್ಲಿ ಟವೆಲ್ ಇದ್ದರೆ ಬರೀ ಟವೆಲ್ ಇದ್ದಂತೆ. ಈ ತಾರತಮ್ಯವನ್ನು ತಾವೇ ಮೇಲಿನವರ ಗಮನಕ್ಕೆ ತರಬೇಕು.

ವಾಚ್‌ಮನ್ ನನ್ನನ್ನು ಒಳಗೆ ಬಿಡಲಿಲ್ಲ. ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಇನ್ನೊಬ್ಬರು ನಿಂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಕವರಿನಲ್ಲಿ ಮಗನ ಐಟಿಐ ಅಂಕಪಟ್ಟಿ, ಕತ್ತಿನವರೆಗೂ ಬೆವರು. ನಮ್ಮ ಗುರುಸಿದ್ದಯ್ಯನವರು. ಮಗನಿಗೊಂದು ಕೆಲಸ ಕೇಳಲು ಗುರುವಾರದಿಂದಲೂ ಅಲ್ಲಿಗೇ ಬರುತ್ತಿದ್ದರಂತೆ. ವಾಚ್‌ಮನ್ ದಿನಾ, "ಎಚ್ಚಾರ್ ಸಾಹೇಬ್ರು ಮೀಟಿಂಗ್ಲವ್ರೆ, ನಾಳಿಕ್ ಬನ್ನಿ" ಎನ್ನುತ್ತಿದ್ದನಂತೆ.

ಮೂರು ದಿನದಿಂದ ಕೂಡಿಟ್ಟ ಬೈಗುಳವನ್ನೆಲ್ಲ ಬದಿಗಿಟ್ಟು, ಏನ್ ಸಾರ್ ಇಲ್ಲಿ ಎಂದು ಕೇಳಿದೆ. "ಸರ್ಕಾರಿ ಪರೀಕ್ಸೆ ಬರ್ದು ಬರ್ದೇ ನಮ್ ಗಣೇಶಂಗೆ ವಯಸ್ಸು ಮೀರೋಯ್ತು ಕಣಪ್ಪ, ಎಂಥ ಕೆಲ್ಸವಾದ್ರೂ ಸರಿ" ಎಂದರು. ನಾನು ಬೈಕ್ ತಿರುಗಿಸಿದೆ, ಅವರು ಹಿಂದೆ ಹತ್ತಿದರು. ದಾರಿಯುದ್ದಕ್ಕೂ ಗಣೇಶನದೇ ಮಾತು. ನಾಲ್ಕೂವರೆಗೆ ಅವರು ಬಂದು ತಮಗೆ ಒರಗಿ ಕೂತದ್ದು, ಹತ್ತೇ ನಿಮಿಷದಲ್ಲಿ ಭಾಗ್ಯಳ ಪತ್ರ ಕೈಗೆ ಬಂದದ್ದು ತಮಗೆ ಗೊತ್ತೇ ಇದೆ.

ಹೊರಡುವಾಗ ಅವರು ತಾವಾಗಿ ಎದ್ದು ಬಂದು, ಒಳಗೆ ಒಂದು ಮಾತು ಹೇಳಪ್ಪ ಎಂದು ನನ್ನ ಕೈ ಹಿಡಿದರು. ಒಳಗಿರುವ ನಮ್ಮನ್ನೇ ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿದ್ದಾರೆ ಎಂದು ಹೇಳಬೇಕಿತ್ತು. ಆ ಮುಖ ನೋಡಿ, "ನಾಳೆ ಬನ್ನಿ ಸಾರ್, ನೋಡನ" ಎಂದುಬಿಟ್ಟೆ.

ತಮ್ಮ ವಿಶ್ವಾಸಿಯೂ ತಮ್ಮನ್ನು ಹೆತ್ತ ಮಗ್ಗದ ಅರೆಕಾಲಿಕ ನೌಕರನೂ ಆದ,
ಮಲ್ಲಿಕಾರ್ಜುನಸ್ವಾಮಿ, ಉಡಿಗಾಲ

ಮರೆತ ಮಾತು: ನಾಳೆ ಸಾಹೇಬರು ನಮ್ಮ ಗೇಟಿನಲ್ಲಿರುತ್ತಾರೆ, ಎಂದಿನಂತೆ ತಾವೇ ಕಚೇರಿ ನೋಡಿಕೊಳ್ಳಿ. ನನ್ನಂಥವನು ಯಾರಾದರೂ ಬೆಂಚಿನಲ್ಲಿ ಕಾದಿದ್ದರೆ ದಯವಿಟ್ಟು ಬದನಗುಪ್ಪೆಗೆ ಕಳಿಸಿಕೊಡಿ, ಬೇವಿನ ಮರದ ಕೆಳಗೆ ನೆರಳು ಚೆನ್ನಾಗಿದೆ.