ಅಳಿಯನನ್ನು ಮೈದಾನದಿಂದ ಎಬ್ಬಿಸುವ ಬಗೆ

ಫೆಬ್ರವರಿ ಒಂದು, ಭಾನುವಾರ, ಬೆಳಗ್ಗೆ ಒಂಬತ್ತೂ ಹತ್ತಕ್ಕೆ ಇದನ್ನು ಬರೆಯಲು ಕೂತಿದ್ದೇನೆ. ತಾರೀಖು, ಹೊತ್ತು, ಲೆಕ್ಕ ಇಲ್ಲದೆ ನನ್ನ ಬರವಣಿಗೆ ಒಂದು ಸಾಲೂ ಮುಂದೆ ಹೋಗುವುದಿಲ್ಲ. ಈ ಗುಣವೇ ನನಗೆ ಮುಳುವಾಯಿತು. ನಮ್ಮ ಕಡೆ ಆಟದ ನಿಯಮ ಬರೆಯುವ ಕೆಲಸವನ್ನು ಆಟ ಬಲ್ಲವರಿಗೆ ಕೊಡುವುದಿಲ್ಲ. ಲೆಕ್ಕ ಬರೆದಿಡುವ, ಅಕ್ಷರ ದುಂಡಗಿದ್ದವರಿಗೆ ಕೊಡುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಊರುಗಳಿಗೆಂದು ನನ್ನ ತವರು ಮಂಚಿಕೇರಿಯಲ್ಲಿ ಏಳು ಜನರ ಫುಟ್‌ಬಾಲ್ ಪಂದ್ಯಾವಳಿ ಇಟ್ಟಾಗ, ಚೆಂಡನ್ನು ಒಮ್ಮೆಯೂ ಒದೆಯದ ನಾನು ಹೀಗೆ ನಿಯಮಾವಳಿಯ ಕರ್ತೃವಾದೆ.

ಸಮಿತಿಯವರೆಲ್ಲ ಅಲ್ಲಿಯವರೆಗೆ ವಾಲಿಬಾಲ್ ನಡೆಸಿದವರು. ಮೊದಲ ಸಭೆಯ ಮೊದಲ ಪ್ರಶ್ನೆ, ನೆಟ್ಟು ಎಷ್ಟು ಎತ್ತರ ಕಟ್ಟಬೇಕು ಎಂಬುದಾಗಿತ್ತು. ಆಫ್‌ಸೈಡ್ ಎಂದರೇನೆಂದು ಅವಲಕ್ಕಿಯ ತಟ್ಟೆ, ಚಹದ ಲೋಟ ಇಟ್ಟು ವಿವರಿಸಿದ್ದಾಯಿತು. ವಿವರಣೆ ಮುಗಿಯುವಷ್ಟರಲ್ಲಿ ಅವಲಕ್ಕಿಯೂ ಮುಗಿದಿತ್ತು. ನಮ್ಮ ತಂಡದ ವ್ಯವಸ್ಥಾಪಕ, ನನ್ನ ಚಿಕ್ಕಪ್ಪ, ಕೈ ತೊಳೆದು ಬಂದು ಹೇಳಿದ: “ಇಷ್ಟು ಹೇಳಿದ್ರೂ ತಲೆಗೆ ಹೋಗದೇ ಇದ್ದದ್ದು ನಿಯಮದಲ್ಲಿ ಎಂತಕ್ಕೆ? ಹೊಡದು ಹಾಕು ಕೂಸೆ.” ಹೊಡೆದು ಹಾಕಿದೆ. ಉದ್ಘಾಟಕರು ಒದ್ದ ಚೆಂಡು ಅಕಸ್ಮಾತ್ ಗೋಲಿಗೆ ಹೋದರೆ ಅದು ಯಾರ ಲೆಕ್ಕಕ್ಕೆ ಎಂಬ ಚರ್ಚೆ ಮಾತ್ರ ಮುಕ್ಕಾಲು ತಾಸು ನಡೆಯಿತು.

ಎಡವಟ್ಟಾದದ್ದು ಆಟಗಾರರ ಅರ್ಹತೆಯಲ್ಲಿ. ಹಿಂದಿನ ವರ್ಷದ ವಾಲಿಬಾಲಿಗೆ ಕೆಲವು ತಂಡಗಳು ಪೇಟೆಯಿಂದ ಬಾಡಿಗೆ ಆಟಗಾರರನ್ನು ತಂದಿದ್ದವು. ಈ ಸಲ ಆಯಾ ಊರಿನವರೇ ಆಡಬೇಕು ಎಂದಾಯಿತು. ಹಾಗೆಂದ ಕೂಡಲೇ ಅರ್ಧ ಊರುಗಳಿಗೆ ಏಳು ಜನ ಕೂಡಲಿಲ್ಲ. ಆಗ ನಾನೇ ಬಾಯಿ ಹಾಕಿದೆ. “ಅಳಿಯನೂ ಮನೆಮಗನೇ ಅಲ್ದಾ? ಊರಿನ ಅಳಿಯಂದಿರೂ ಆಡಬಹುದು ಅಂತ ಬರೆದರೆ?” ಎಲ್ಲರೂ ತಲೆದೂಗಿದರು. ಅಳಿಯನನ್ನು ಬೇಡ ಎನ್ನುವ ಧೈರ್ಯ ನಮ್ಮ ಸೀಮೆಯಲ್ಲಿ ಯಾವ ಸಮಿತಿಗೂ ಇಲ್ಲ. ನನ್ನ ಸೂಚನೆಯಲ್ಲಿ ಸ್ವಾರ್ಥವೂ ಇತ್ತು. ನನ್ನ ಗಂಡ, ಮತ್ತಿಘಟ್ಟದ ನಮ್ಮವರು, ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ್ದೆ ಎಂದು ಮದುವೆಗೆ ಮುಂಚೆ ಹೇಳಿದ್ದರು. ತವರಿನವರೂ ಅದನ್ನೊಮ್ಮೆ ಕಣ್ತುಂಬ ನೋಡಲಿ ಎಂದುಕೊಂಡೆ.

ನಮ್ಮವರು ಹೊಸ ಬೂಟು ತೊಟ್ಟು ಬಂದರು. ಆಗ ಗೊತ್ತಾಯಿತು, ನಮ್ಮ ತಂಡದಲ್ಲಿ ಈಗ ಎಂಟು ಜನ. ಒಬ್ಬರು ಹೊರಗೆ ಕೂರಬೇಕು.

“ಅಳಿಯನ್ನ ಬೆಂಚಿನ ಮೇಲೆ ಕೂರ್ಸಲೆ ಆಗ್ತ? ನೋಡ್ದವು ಎಂತ ಹೇಳ್ತ?” ಎಂದ ಚಿಕ್ಕಪ್ಪ. ಊಟದ ಪಂಕ್ತಿಯಲ್ಲಿ ಎಲೆ ಸಾಲದಿದ್ದರೆ ಮನೆಯ ಕಿರಿಯರು ಏಳುವುದು ಪದ್ಧತಿ. ಆ ಪದ್ಧತಿಯಂತೆ ನನ್ನ ತಮ್ಮ ಸುಬ್ಬು ಎದ್ದ. ಯಲ್ಲಾಪುರದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಸುಬ್ಬು ಈ ಒಂದು ದಿನಕ್ಕೆಂದು ರಜೆ ಕೂಡಿಸಿಟ್ಟವನು, ದಸರೆಯಿಂದ ಬೆಳಬೆಳಗ್ಗೆ ಓಡಿ ಕಾಲು ಗಟ್ಟಿ ಮಾಡಿಕೊಂಡವನು. ಪಂದ್ಯದ ಲೆಕ್ಕ ಬರೆಯಲು ಕೂತಿದ್ದ ನನ್ನ ಮೇಜಿನ ಹತ್ತಿರ ಬಂದು, “ಅಕ್ಕಾ, ನೀ ಬರದ್ದು ನಿಯಮನೋ ಎನ್ನ ತಿಥಿನೋ?” ಎಂದ. “ಬದಲಿ ಆಟಗಾರ ಎಷ್ಟು ಸಲವಾದರೂ ಒಳಗೆ ಹೋಗಬಹುದು, ಒಂಬತ್ತನೇ ನಿಯಮ ನೋಡು” ಎಂದು ಸಮಾಧಾನ ಹೇಳಿದೆ. ನಾಯಕನೇ ಕರೆಯಬೇಕು, ಕರೆದ ಕೂಡಲೇ ಆಟಗಾರ ಹೊರಗೆ ಬರಬೇಕು ಎಂದು ಅದರಲ್ಲಿ ಬರೆದಿದ್ದೆ. ಅಳಿಯನನ್ನು ಕರೆಯುವ ನಾಯಕ ಎಲ್ಲಿಂದ ಬರಬೇಕು ಎಂಬುದನ್ನು ಬರೆದಿರಲಿಲ್ಲ.

ಬೇರೆ ತಂಡಗಳಲ್ಲೂ ಅಳಿಯಂದಿರಿದ್ದರು. ಅಳಿಯನ ಕಾಲಿನಿಂದ ಚೆಂಡು ಕಸಿಯಲು ಯಾರೂ ಒಲ್ಲರು. ಚೆಂಡು ಮೊದಲು ಅಳಿಯನಿಗೆ, ಉಳಿದರೆ ಮನೆಯವರಿಗೆ. ಎರಡು ಕಡೆಯ ಅಳಿಯಂದಿರು ಎದುರಾದಾಗಂತೂ “ನೀವು ಹೊಡೀರಿ”, “ಇಲ್ಲ, ನೀವೇ ಹೊಡೀರಿ” ಎಂಬ ಉಪಚಾರ ನಡೆದು, ಚೆಂಡು ತಾನೇ ಬೇಸತ್ತು ಗೆರೆ ದಾಟುತ್ತಿತ್ತು. ಈ ಮರ್ಯಾದೆಯ ಬಲದಿಂದಲೇ ನಾವು ಫೈನಲ್ ತಲುಪಿದೆವು. ಅಲ್ಲಿ ಸಿದ್ದಾಪುರ ಕಡೆಯ ತಂಡ ಎದುರಾಯಿತು. ನಮ್ಮವರಿಗೆ ಬಂದ ಪಾಸು ಹದಿನೇಳು, ನಮ್ಮ ತಂಡಕ್ಕೆ ಮರಳಿದ್ದು ಎರಡು. ಗೀಟು ಹಾಕಿದ್ದು ನಾನೇ, ಆದ್ದರಿಂದ ಗಂಡನೆಂದು ಒಂದೂ ಕಡಿಮೆ ಮಾಡಿಲ್ಲ. ನಾಯಕ ಗಣಪತಿ ಎರಡು ಸಲ “ಭಾವಾ...” ಎಂದು ಶುರು ಮಾಡಿ, “ಚಲೋ ಆಡ್ತಾ ಇದ್ರಿ” ಎಂದು ಮುಗಿಸಿದ. ಕೊನೆಗೆ ನಾನೇ ಎದ್ದು, ಹೊರಗೆ ಬನ್ನಿ ಎಂದು ನಮ್ಮವರ ಅಂಗಿಯ ಸಂಖ್ಯೆಯ ಹಲಗೆ ಎತ್ತಿ ಹಿಡಿದೆ. ಹುರಿದುಂಬಿಸುತ್ತಿದ್ದೇನೆಂದು ತಿಳಿದು ಅವರು ನಗುತ್ತ ಕೈ ಬೀಸಿದರು.

ಸುಬ್ಬು ಗೆರೆಯ ಆಚೆ ನಿಂತಲ್ಲೇ ಜಿಗಿಯುತ್ತಿದ್ದ. ಅವನ ಮುಖ ನೋಡಲಾರದೆ ಅಮ್ಮ ಎದ್ದಳು. ದೊಡ್ಡ ಲೋಟ ಹಿಡಿದು ಗೆರೆಯ ಹತ್ತಿರ ಹೋಗಿ ಕರೆದಳು: “ಬಿಸಿಲು ಜೋರಿದ್ದು. ಬನ್ನಿ, ಒಂಚೂರು ಆಸರಿಗೆ ಕುಡ್ಕಂಡು ಹೋಗಿ.”

ಆಸರಿಗೆ ಎಂದರೆ ದಣಿದು ಬಂದವರಿಗೆ ಕೊಡುವ ಮಜ್ಜಿಗೆಯೋ ಪಾನಕವೋ. ಅತ್ತೆ ಕೈಯಲ್ಲಿ ಲೋಟ ಹಿಡಿದು ನಿಂತಾಗ ಬೇಡ ಎನ್ನುವ ಅಳಿಯ ಇನ್ನೂ ಹುಟ್ಟಿಲ್ಲ. ಅವರು ಹೊರಗೆ ಬಂದರು, ಸುಬ್ಬು ಒಳಗೆ ಹಾರಿದ. ಲೋಟ ಬರಿದಾಯಿತು, ಇನ್ನೊಂದು ಬಂತು. ಅವರು ಬೂಟಿನ ದಾರ ಬಿಗಿದು ಏಳುವಷ್ಟರಲ್ಲಿ ತಟ್ಟೆ ಬಂತು. “ತೊಡದೇವು ತಿನ್ನದ್ದೆ ಏಳಲಾಗ” ಎಂದಳು ಅಮ್ಮ. ಕಾಗದದಷ್ಟು ತೆಳುವಾದ ಆ ಸಿಹಿಯನ್ನು ಅವಸರದಲ್ಲಿ ತಿನ್ನಲು ಬರುವುದಿಲ್ಲ. ಮೈಮೇಲೆಲ್ಲ ಪುಡಿ ಬೀಳುತ್ತದೆ. ಅವರು ಮೂರನೆಯದನ್ನು ಮುರಿಯುತ್ತಿದ್ದಾಗ ಸುಬ್ಬು ಗೋಲು ಹೊಡೆದ. ಪಂದ್ಯದ ಏಕೈಕ ಗೋಲು.

ಪಂದ್ಯ ಮುಗಿದ ಸೀಟಿ ಊದಿದ್ದೇ ಸಿದ್ದಾಪುರದ ವ್ಯವಸ್ಥಾಪಕರು ನನ್ನ ಮೇಜಿಗೆ ಬಂದರು. “ನಾಯಕ ಕರೆದ್ರೆ ಹೊರಗೆ ಬರಬೇಕು ಅಂತ ನೀವೇ ಬರ್ದಿದ್ದೀರಲ್ಲ ತಂಗಿ. ಇಲ್ಲಿ ಕರ್ದಿದ್ದು ಅತ್ತೆ. ಆ ಹುಡುಗ ಒಳಗೆ ಬಂದಿದ್ದೇ ತಪ್ಪು. ಗೋಲು ತೆಗೀರಿ.”

ನಿಯಮ ಓದಿದೆ. ಅಕ್ಷರ ಬಹಳ ದುಂಡಗಿತ್ತು, ಅರ್ಥವೂ ಸ್ಪಷ್ಟವಾಗಿತ್ತು. ಸುಬ್ಬು ನನ್ನ ಪೆನ್ನನ್ನೇ ನೋಡುತ್ತಿದ್ದ. ಗೋಲು ಉಳಿಸಿದರೆ ನಿಯಮ ಸುಳ್ಳು, ಅಳಿಸಿದರೆ ತಮ್ಮ ಮಾತಾಡಿಸುವುದಿಲ್ಲ. ಆಗ ನಮ್ಮವರು ಅಂಗಿಯ ಪುಡಿ ಕೊಡವುತ್ತ ಎದ್ದು ಬಂದರು.

“ಅತ್ತೆ ಕರೆದರೆ ಬರದೇ ಇರಲೆ ಆಗ್ತ? ನಿಮ್ಮ ತಂಡದ ಇಬ್ಬರು ಅಳಿಯಂದ್ರನ್ನೇ ಕೇಳಿ, ಅವು ಬರ್ತಿರಲ್ಯಾ ಅಂತ.”

ಆ ಇಬ್ಬರ ಮಾವಂದಿರು ಮರದಡಿ ಕೂತು ಆಟ ನೋಡುತ್ತಿದ್ದರು. ಅಳಿಯಂದಿರು ಅತ್ತ ಒಮ್ಮೆ ನೋಡಿ, “ಬರ್ತಿದ್ವಿ” ಎಂದು ತಲೆ ತಗ್ಗಿಸಿದರು. ವ್ಯವಸ್ಥಾಪಕರು ಗೋಲಿನ ಮಾತು ಬಿಟ್ಟು ತಮ್ಮ ತಂಡದ ಕಡೆ ಹೊರಟರು. ಅವರ ಹೆಂಡತಿಯ ತವರೂ ಮಂಚಿಕೇರಿಯೇ ಎಂದು ಆಮೇಲೆ ತಿಳಿಯಿತು. ಗೋಲು ಉಳಿಯಿತು.

ಮುಂದಿನ ವರ್ಷಕ್ಕೆ ಒಂಬತ್ತನೇ ನಿಯಮ ತಿದ್ದುವ ಹೊಣೆಯೂ ನನ್ನದೇ. ‘ನಾಯಕ ಅಥವಾ ಅತ್ತೆ’ ಎಂದು ಬರೆ ಎನ್ನುತ್ತಾನೆ ಚಿಕ್ಕಪ್ಪ. ನಮ್ಮವರಿಗೆ ಆ ದಿನದ ಬಗ್ಗೆ ಮುನಿಸೇನೂ ಇಲ್ಲ. ಆದರೆ ಈಗ ನಾನು ಚಹದ ಲೋಟ ಚಾಚಿದರೆ ಕೂಡಲೇ ತೆಗೆದುಕೊಳ್ಳುವುದಿಲ್ಲ. ತಮ್ಮ ಜಾಗಕ್ಕೆ ಯಾರು ಬಂದು ನಿಂತಿದ್ದಾರೆಂದು ಮೊದಲು ಹಿಂದೆ ತಿರುಗಿ ನೋಡುತ್ತಾರೆ. ಅಳಿಯನ ಮಾನಕ್ಕೂ ಹೆಂಡತಿಯ ಚಹಕ್ಕೂ ಕುಂದು ಬಾರದಂತೆ ಆಟಗಾರನನ್ನು ಬದಲಿಸುವ ನಿಯಮ ಯಾವ ಊರಿನಲ್ಲಾದರೂ ಇದ್ದರೆ, ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ.