ಹಲಗೆ ಕೇಳಿ ಬಂದವರು

ಒಬ್ಬನೇ ಉಣ್ಣಬಹುದು, ಒಬ್ಬನೇ ಮಲಗಬಹುದು; ಆದರೆ ಒಳ್ಳೆಯ ಸಂಗೀತವನ್ನು ಒಬ್ಬನೇ ಕೇಳುವುದಿದೆಯಲ್ಲ, ಅದು ಬಹಳ ಕಷ್ಟ. ಪಕ್ಕದಲ್ಲಿ ಒಬ್ಬರಾದರೂ ತಲೆದೂಗಬೇಕು, ಇಲ್ಲವೇ ಬಂದ್ ಮಾಡ್ರಿ ಎಂದು ಬೈಯಬೇಕು. ನಮ್ಮ ಮನೆಯಲ್ಲಿ ಬೈಯುವ ಕೆಲಸವನ್ನು ನನ್ನ ಹೆಂಡತಿ ಶಾರದ ವಹಿಸಿಕೊಂಡಿದ್ದಳು. ಅವಳು ತೀರಿಕೊಂಡ ಮೇಲೆ ವಾಲ್ಯೂಮ್ ಎಷ್ಟು ಏರಿಸಿದರೂ ಕೇಳುವವರಿಲ್ಲ. ಎಂಥ ಸ್ವಾತಂತ್ರ್ಯ! ಯಾರಿಗೆ ಬೇಕಾಗಿತ್ತು ಅದು?

ನಾನು ರಾಯದುರ್ಗದಲ್ಲಿ ಜೀನ್ಸ್ ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರು. ಹಗಲೆಲ್ಲ ಹೊಲಿಗೆ ಮಷೀನುಗಳ ಗಡಗಡ ಕೇಳಿದವನಿಗೆ ಸಂಜೆ ಕೊಳಲೋ ವೀಣೆಯೋ ಹಿತವಾಗಬೇಕು. ನನಗೋ, ಹಾಳಾದ್ದು, ಮತ್ತೆ ಗಡಗಡವೇ ಬೇಕು. ಒಂದು ದಿನ ಮೊಬೈಲು ತಾನೇ ತಾನಾಗಿ ಯಾವುದೋ ಫ್ಯೂಷನ್ ಸಂಗೀತ ಹಾಕಿಬಿಟ್ಟಿತು. ಆಫ್ರಿಕಾದ ಡೋಲು, ನಮ್ಮ ಘಟ. ಅವೆರಡೂ ಜಗಳಕ್ಕೆ ನಿಂತಾಗ ನಡುವೆ ಒಂದು ಜಾಝ್ ಸ್ಯಾಕ್ಸೊಫೋನು, ಬೀಗರ ಮನೆಯ ಹಿರಿಯರಂತೆ ನಿಧಾನವಾಗಿ ಬಂದು ಪಂಚಾಯಿತಿಗೆ ಕೂರುತ್ತದೆ. ಅಂದಿನಿಂದ ಅದೇ ಹುಚ್ಚು. ಕೆಲಸದ ಜಾಗದಲ್ಲಿ ಒಮ್ಮೆ ಎಲ್ಲರಿಗೂ ಕೇಳಿಸಿದೆ. ಪೂರ್ತಿ ಕೇಳಿದ ಮೇಲೆ ಒಬ್ಬ, "ಹಾಡು ಯಾವಾಗ ಸುರು ಆಗ್ತೈತ್ರೀ ಮಾಸ್ಟ್ರೇ?" ಎಂದ.

ಹೋದ ಭಾನುವಾರ ದೊಡ್ಡ ಸ್ಪೀಕರ್ ತಂದು ಸಂಜೆ ಹೊಸದೊಂದನ್ನು ಹಚ್ಚಿದೆ. ಅದು ಶುರುವಾಗುವುದೇ ಬರೀ ಹಲಗೆಯಿಂದ, ಅಂದರೆ ತಮಟೆಯ ಬಡಿತದಿಂದ. ಹಬ್ಬವಿಲ್ಲದ ದಿನ ನಮ್ಮ ಓಣಿಯ ಮನೆಯೊಂದರಲ್ಲಿ ಹಲಗೆ ಕೇಳಿಸಿತೆಂದರೆ ಅದಕ್ಕೆ ಒಂದೇ ಅರ್ಥ: ಆ ಮನೆಯಲ್ಲಿ ಯಾರೋ ಹೋದರು. ನನಗೆ ಅದರ ಪರಿವೆಯೇ ಇಲ್ಲ. ಕಣ್ಣು ಮುಚ್ಚಿ ತಲೆದೂಗುತ್ತಿದ್ದೆ. ಕಣ್ಣು ಬಿಟ್ಟರೆ ಬಾಗಿಲಲ್ಲಿ ಇಡೀ ಓಣಿ ನಿಂತಿದೆ. ಎದುರುಮನೆಯ ಗಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಾರೆ. ಹೂವಿನಂಗಡಿ ಮಲ್ಲಣ್ಣ ಹಾರವನ್ನೇ ತಂದುಬಿಟ್ಟಿದ್ದಾನೆ.

"ಅಯ್ಯೋ ಶಿವನೇ, ಮಾಸ್ಟ್ರು ಅದಾರ!" ಎಂದರು ಗಂಗಮ್ಮ. ದನಿಯಲ್ಲಿ ಸಂತೋಷವಿತ್ತು, ಇಲ್ಲವೆನ್ನಲಾರೆ.

"ಮತ್ತ ಈ ಹಲಗಿ ಯಾರಿಗ್ರೀ?" ಎಂದ ಮಲ್ಲಣ್ಣ, ಹಾರವನ್ನು ಬೆನ್ನ ಹಿಂದೆ ಮರೆಮಾಡುತ್ತಾ.

"ಯಾರಿಗೂ ಅಲ್ಲಪ್ಪ, ಸಂಗೀತ. ಬರ್ರಿ ಒಳಗ, ಕುಂದರ್ರಿ."

ಬಂದದ್ದಾಯಿತು, ಹಾಗೇ ಹೋಗುವುದು ಹೇಗೆಂದು ಎಲ್ಲರೂ ಕೂತರು. ಲೋಟಗಳು ಸಾಲದೆ ಗಂಗಮ್ಮನ ಮನೆಯಿಂದಲೇ ತರಿಸಿ ಟೀ ಕೊಟ್ಟೆ. ಸ್ಯಾಕ್ಸೊಫೋನು ಬಂದಾಗ ಗಂಗಮ್ಮ, "ಇದು ಚಲೋ ಐತಿ ನೋಡ್ರಿ, ಯಾರೋ ಅತ್ತಂಗೈತಿ" ಎಂದರು. ಮಲ್ಲಣ್ಣನ ಕಾಲು ಅವನಿಗೇ ತಿಳಿಯದಂತೆ ತಾಳ ಹಾಕುತ್ತಿತ್ತು. ತಂದ ಹಾರವನ್ನು ವಾಪಸು ಒಯ್ಯಬಾರದೆಂದು ಶಾರದಳ ಫೋಟೊಗೆ ಹಾಕಿದ. ನಾಚಿಕೆ ಬಿಟ್ಟು ಹೇಳುತ್ತೇನೆ, ಅವಳು ಹೋದ ಮೇಲೆ ನನಗೆ ಅಷ್ಟು ಖುಷಿಯಾದದ್ದು ಅವತ್ತೇ.

ಮರುದಿನ ಸಂಜೆ ಹೆಚ್ಚಿಗೆ ಹಾಲು ತಂದೆ. ಬಾಗಿಲು ತೆರೆದಿಟ್ಟು ಅದೇ ಹಲಗೆ ಹಚ್ಚಿದೆ. ಯಾರೂ ಬರಲಿಲ್ಲ. ಸ್ಪೀಕರನ್ನು ಕಿಟಕಿಯ ಕಡೆ ತಿರುಗಿಸಿದೆ. ಎದುರುಮನೆಯಲ್ಲಿ ಗಂಗಮ್ಮ ಸೊಸೆಗೆ ಹೇಳುವುದು ಕೇಳಿಸಿತು: "ಏಳಬ್ಯಾಡ ಕುಂದ್ರವ್ವ, ಮಾಸ್ಟ್ರು ಹಾಡು ಹಚ್ಯಾರ."

ಕಾಯಿಸಿದ ಹಾಲನ್ನೆಲ್ಲ ಒಬ್ಬನೇ ಕುಡಿದೆ. ಈಗ ನನಗೆ ಹೊಸದೊಂದು ಚಿಂತೆ ಅಂಟಿಕೊಂಡಿದೆ. ನಾನು ನಿಜವಾಗಿ ಸತ್ತ ದಿನ ಬಾಗಿಲಲ್ಲಿ ಎಷ್ಟೇ ಜೋರಾಗಿ ಹಲಗೆ ಬಡಿದರೂ ಓಣಿಯವರು, ಇವತ್ತು ಮಾಸ್ಟ್ರಿಗೆ ಒಳ್ಳೆಯ ಮೂಡು ಬಂದಿದೆ ಎಂದುಕೊಂಡು ಟಿವಿ ನೋಡುತ್ತ ಕೂತಿರುತ್ತಾರೆ.