ಅಲುಗಾಡುವ ಕುರ್ಚಿಯನ್ನು ಸರದಿಗೆ ಹಾಕುವ ಬಗ್ಗೆ

ಇಂದ,
ಮಕ್ಕಳ ತಾಯಿ,
ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿ.

ಗೆ,
ಮಕ್ಕಳ ತಂದೆಯವರು,
ಅಧ್ಯಕ್ಷರು, ಊಟದ ಮೇಜು.

ವಿಷಯ: ಒಂದು ಕಾಲು ಗಿಡ್ಡವಿರುವ ಕುರ್ಚಿಯನ್ನು ಮನೆಯವರೆಲ್ಲರಿಗೂ ವಾರದ ಸರದಿಯಂತೆ ಹಂಚುವುದು.

ಉಲ್ಲೇಖ: "ನಾಳೆ ರಿಪೇರಿ ಮಾಡ್ಸೋಣ ಬಿಡೇ" ಎಂಬ ತಮ್ಮ ಮೌಖಿಕ ಆದೇಶ, ಒಂಬತ್ತು ವರ್ಷ ಹಿಂದಿನದು.

ಮಾನ್ಯರೇ,

ಕುಕ್ಕರ್ ಮೂರನೇ ಸಲ ಕೂಗುವುದರೊಳಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸದರಿ ಕುರ್ಚಿಯಲ್ಲಿ ಇಷ್ಟು ವರ್ಷವೂ ನಾನೇ ಕೂತಿದ್ದೇನೆ. ಎಡಗಾಲನ್ನು ನೆಲಕ್ಕೆ ಒತ್ತಿ, ಬಲಕ್ಕೆ ತುಸು ವಾಲಿದರೆ ಅದು ಅಲುಗಾಡುವುದಿಲ್ಲ. ಈ ಕಾರಣ, ಕುರ್ಚಿ ಸರಿಯಾಗಿದೆಯೆಂದು ಎಲ್ಲರೂ ನಂಬಿದ್ದಾರೆ.

೨. ತಾವು ಕಚೇರಿಯಲ್ಲಿ ಮಹಿಳಾ ಸಮಾನತೆ ಕುರಿತು ಮಾತಾಡಿ ಬಂದ ಸಂಜೆ, ಭಾಷಣದ ನಾಲ್ಕೂ ಹಾಳೆ ಮಡಚಿ ಗಿಡ್ಡ ಕಾಲಿನಡಿ ಇಟ್ಟಿರಿ. ಮೂರು ದಿನ ಬಹಳ ಉಪಯೋಗವಾಯಿತು. ಆಮೇಲೆ ಚಪ್ಪಟೆಯಾಯಿತು.

೩. ಕಳೆದ ವಾರ ನಾನು ಜ್ವರದಿಂದ ಮಲಗಿದ್ದೆ. ಎದ್ದು ಬಂದು ನೋಡಿದರೆ ಏಳು ವರ್ಷದ ಮಗಳು ಅದರಲ್ಲಿ ಕೂತಿದ್ದಳು. "ನೀನಿಲ್ದಾಗ ಇದು ನಂದು ತಾನೇ ಅಮ್ಮ? ನೋಡು, ಅಲ್ಲಾಡದ ಹಾಗೆ ಕೂರೋಕೆ ಬಂತು" ಎಂದಳು. ಎಡಗಾಲು ಎಟುಕದೆ ಹೆಬ್ಬೆರಳ ತುದಿಯಲ್ಲಿ ಒತ್ತಿ ಹಿಡಿದಿದ್ದಳು. ಆದ್ದರಿಂದ ಈ ಅರ್ಜಿ.

(ಕುಕ್ಕರ್ ಆರಿಸಿ ಬಂದೆ.)

೪. ಕರಡು ನೋಡಿ ತಾವು "ಇದೇನೇ, ಸ್ತ್ರೀವಾದನಾ?" ಎಂದಿರಿ. ಇರಬಹುದು. ನನಗೆ ಗೊತ್ತಿರುವ ಸ್ತ್ರೀವಾದ ಇಷ್ಟೇ: ಮಗಳು ಎರಡೂ ಕಾಲು ಇಳಿಬಿಟ್ಟು ಆಡಿಸುತ್ತಾ ಉಣ್ಣಬೇಕು. ತಾವು ಬೀಳಲೆಂಬ ಉದ್ದೇಶವಿಲ್ಲ. ಬಿದ್ದಲ್ಲಿ ಅದು ಆಕಸ್ಮಿಕ.

೫. ಸರದಿ ಪಟ್ಟಿಯನ್ನು ಪಾತ್ರೆ ತೊಳೆಯಲು ಬರುವಾಕೆಗೆ ಹೆಮ್ಮೆಯಿಂದ ಓದಿ ಹೇಳಿದೆ. ಅಡುಗೆಮನೆಯ ನೆಲದಲ್ಲಿ ಟೀ ಕುಡಿಯುತ್ತಾ ಪೂರ್ತಿ ಕೇಳಿ, "ನಂಗ್ಯಾವ ವಾರ ಅಕ್ಕ?" ಎಂದಳು. ಪಟ್ಟಿಯಲ್ಲಿ ಅವಳಿರಲಿಲ್ಲ. ಬರೆದವಳು ನಾನೇ. ಆರು ವರ್ಷದಿಂದ ಅವಳು ಆ ನೆಲದಲ್ಲೇ ಕೂರುತ್ತಾಳೆ. ನೆಲ ಅಲುಗಾಡುವುದಿಲ್ಲವಲ್ಲ ಎಂದುಕೊಂಡಿದ್ದೆ.

ಆದಕಾರಣ, ಈ ವಾರ ಸದರಿ ಕುರ್ಚಿ ತಮಗೆ, ಮುಂದಿನ ವಾರ ಮಗನಿಗೆ, ಆಮೇಲೆ ನನಗೆ. ಕಾಲು ಎಟುಕುವವರೆಗೆ ಮಗಳಿಗೆ ವಿನಾಯಿತಿ. ಟೀ ಹೊತ್ತಿನಲ್ಲಿ ತಮ್ಮ ಆರಾಮಕುರ್ಚಿ ಪಾತ್ರೆ ತೊಳೆಯುವಾಕೆಗೆ. ಅದರ ಮೇಲಿನ ಒದ್ದೆ ಟವೆಲನ್ನು ತಾವೇ ತೆಗೆಯತಕ್ಕದ್ದು. ಒಂದು ಸುತ್ತು ಮುಗಿಯುವವರೆಗೆ ಬಡಗಿಯನ್ನು ಕರೆಸಕೂಡದು.

ಎಡಗಾಲು ಒತ್ತಿ ಹಿಡಿದಿರುವ
ತಮ್ಮ ವಿಶ್ವಾಸಿ,
ಮಕ್ಕಳ ತಾಯಿ

ಲಗತ್ತುಗಳು:
೧. ಭಾಷಣ, ನಾಲ್ಕು ಹಾಳೆ, ಚಪ್ಪಟೆ.
೨. ಸರದಿ ಪಟ್ಟಿ, ತಿದ್ದಿದ್ದು.
೩. ಕುರ್ಚಿಯ ಬೆನ್ನಿಗೆ ಮಗಳು ಅಂಟಿಸಿದ್ದ "ಅಮ್ಮಂದು, ಆಮೇಲೆ ನಂದು" ಎಂಬ ಚೀಟಿ. ಇದನ್ನು ಹಿಂದಿರುಗಿಸಬಾರದೆಂದು ಕೋರಿಕೆ.